ಮಂಗಟ್ಟೆ ಕಂಡ ದೀಪ

ರೊಹಾಯಾ ಕಾಕ್ ಲೆನ್ಸ್ ಆರಿಸುವುದನ್ನು ನೋಡಿದವರಿಗೆ ನಗು ತಡೆಯುವುದು ಕಷ್ಟ. ಬೇರೆ ಗಿರಾಕಿಗಳು ನನ್ನ ಕ್ಯಾಮೆರಾ ಅಂಗಡಿಗೆ ಬಂದರೆ ಗಾಜನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾರೆ, ಉಂಗುರ ತಿರುಗಿಸುತ್ತಾರೆ, ಎಲ್ಲ ಗೊತ್ತಿದ್ದವರ ಹಾಗೆ ತಲೆದೂಗುತ್ತಾರೆ. ಆಕೆ ಮಾತ್ರ ಲೆನ್ಸನ್ನು ಎಡಗೈ ಮೇಲೆ ಮಲಗಿಸಿಕೊಂಡು, ಆಗತಾನೆ ಹುಟ್ಟಿದ ಮಗುವಿನ ತಲೆ ಮೊಣಕೈ ಮಡಿಕೆಗೆ ಬರುವಂತೆ ಹಿಡಿದು, ಅಂಗಡಿಯೊಳಗೆ ಹತ್ತು ಹೆಜ್ಜೆ ನಡೆಯುತ್ತಾರೆ.

"ಎರಡೂ ಮುಕ್ಕಾಲು ಕಿಲೋ ಇದೆ," ಎಂದರು ಆ ಶುಕ್ರವಾರ.

ತಕ್ಕಡಿಗೆ ಇಟ್ಟೆ. ಹತ್ತು ಗ್ರಾಂ ಕಡಿಮೆ ತೋರಿಸಿತು.

"ನಿನ್ನ ತಕ್ಕಡಿ ಸರಿ ಮಾಡಿಸ್ಕೋ ಬೆಂಗ್. ಮೂವತ್ತೊಂದು ವರ್ಷ ಹೆರಿಗೆ ಮಾಡ್ಸಿದ ಕೈ ಇದು."

ಅದು ಜಂಬದ ಮಾತಲ್ಲ. ತೈಪಿಂಗಿನ ಸರಕಾರಿ ಆಸ್ಪತ್ರೆಯಲ್ಲಿ ಆಕೆಯ ಕೈಗೆ ಬೀಳದೆ ಭೂಮಿಗೆ ಬಂದವರು ನಮ್ಮ ಬೀದಿಯಲ್ಲಿ ಕಡಿಮೆ; ಎಲ್ಲರಿಗೂ ಆಕೆ ಕಾಕ್, ಅಂದರೆ ಅಕ್ಕ. ನನ್ನ ಇಬ್ಬರು ಹೆಣ್ಣುಮಕ್ಕಳನ್ನೂ ಮೊದಲು ಎತ್ತಿಕೊಂಡವರು ಆಕೆಯೇ. ನಿವೃತ್ತಿಯಾದ ದಿನ ಗಂಡ ಜಲೀಲ್ ಒಂದು ಚಿಕ್ಕ ಕ್ಯಾಮೆರಾ ತಂದುಕೊಟ್ಟ. ಪ್ರೀತಿಯಿಂದ ಎಂದು ಆಕೆ ಹೇಳುತ್ತಾರೆ. ಮನೆಯಲ್ಲಿ ಕೂತು ತನ್ನ ತಲೆ ತಿನ್ನದಿರಲಿ ಎಂದು ಅವನು ಹೇಳುತ್ತಾನೆ. ಮನುಷ್ಯರ ಮುಖ ನೋಡಿ ನೋಡಿ ಸಾಕಾಗಿದೆ ಎಂದು ಆಕೆ ಹಕ್ಕಿಗಳ ಹಿಂದೆ ಬಿದ್ದರು. ಆರು ವರ್ಷದಲ್ಲಿ ನಾಲ್ಕು ಕ್ಯಾಮೆರಾ ಬದಲಾದವು. ಮಳೆ ನಿಲ್ಲದ ನಮ್ಮೂರಲ್ಲಿ ಬಟ್ಟೆಯಂತೆ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಆಕೆಯ ಹಳೆಯ ಲೆನ್ಸಿನ ಹೊಟ್ಟೆಯಲ್ಲಿ ಜೇಡರ ಬಲೆಯಂಥ ಬಿಳಿ ಎಳೆಗಳು ಹಬ್ಬಿದ್ದವು. ಬಿಚ್ಚಿ ಒರೆಸಿದರೂ ಕಲೆ ಹೋಗಲಿಲ್ಲ. ಅದಕ್ಕೇ ಈ ಹೊಸ ಹುಡುಕಾಟ. ಹೊಸದು ಎಂದರೆ ಆಕೆಗೆ ಹೊಸದು ಅಷ್ಟೆ. ಇಪೋ ಪಟ್ಟಣದ ಮದುವೆ ಫೋಟೋಗ್ರಾಫರೊಬ್ಬ ಮಾರಿ ಹೋದ ಕ್ಯಾಮೆರಾ, ಅದಕ್ಕೊಂದು ಉದ್ದನೆಯ ಲೆನ್ಸ್.

ಇಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು. ಬಳಸಿದ ಕ್ಯಾಮೆರಾವನ್ನು ಹಕ್ಕಿ ಫೋಟೋ ತೆಗೆಯುವವರಿಗೆ ಮಾರುವಾಗ ನಾನು ಮೂರು ಕೆಲಸ ತಪ್ಪದೆ ಮಾಡುತ್ತೇನೆ. ಫೋಕಸ್ ಆದಾಗ ಕೂಗುವ ಬೀಪ್ ಶಬ್ದ ನಿಲ್ಲಿಸುತ್ತೇನೆ. ಹೆಗಲಿಗೆ ಹಾಕುವ ಕೆಂಪು ಪಟ್ಟಿ ತೆಗೆದು ಕಪ್ಪು ಪಟ್ಟಿ ಹಾಕುತ್ತೇನೆ. ಮೂರನೆಯದು, ಕ್ಯಾಮೆರಾದ ಮುಂಭಾಗದಲ್ಲಿರುವ ಕಡಲೆಕಾಳಿನಷ್ಟು ಗಾತ್ರದ ದೀಪವನ್ನು ಆರಿಸುತ್ತೇನೆ. ಮಬ್ಬಿನಲ್ಲಿ ಫೋಕಸ್ ಸಿಗದಿದ್ದರೆ ಆ ದೀಪ ತಾನಾಗಿ ಹೊತ್ತಿಕೊಂಡು ಕ್ಯಾಮೆರಾಕ್ಕೆ ದಾರಿ ತೋರಿಸುತ್ತದೆ. ಮದುವೆ ಮನೆಗೆ ಅದು ಬೇಕು. ಕಾಡಿಗೆ ಬೇಡ.

ಆ ಶುಕ್ರವಾರ ಕಾಕ್ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. "ಬೇಗ ಮಾಡೋ. ಇವತ್ತು ಸಂಜೆ ಮನೇಲಿ ಕೈ ಪಳಗಿಸ್ಕೊಂಡು, ನಾಳೆ ಬೆಳಗ್ಗೆ ಗೂಡಿನ ಮುಂದೆ ಇರ್ಬೇಕು ನಾನು." ಬೀಪ್ ನಿಲ್ಲಿಸಿದೆ, ಪಟ್ಟಿ ಬದಲಿಸಿದೆ, ಚೀಲಕ್ಕೆ ಹಾಕಿ ಕೊಟ್ಟುಬಿಟ್ಟೆ.

ಗೂಡು ಇದ್ದದ್ದು ಊರ ಹಿಂದಿನ ಹಳ್ಳಿಯಲ್ಲಿ, ಮಾಕ್ ಲೊಂಗ್ ಸೆನಾ ಎಂಬ ಹಿರಿಯ ಹೆಂಗಸಿನ ತೋಟದ ಹಳೆಯ ದುರಿಯನ್ ಮರದಲ್ಲಿ. ಮಂಗಟ್ಟೆ ಹಕ್ಕಿಯ ಸಂಸಾರ ನಿಮಗೆ ಗೊತ್ತಿರಬಹುದು. ಹೆಣ್ಣು ಪೊಟರೆಯೊಳಗೆ ಹೊಕ್ಕು, ಬಾಗಿಲಿಗೆ ಮಣ್ಣು ಮೆತ್ತಿ, ಬೆರಳಗಲದ ಸೀಳು ಮಾತ್ರ ಬಿಟ್ಟುಕೊಳ್ಳುತ್ತದೆ. ಮೊಟ್ಟೆ ಇಟ್ಟು ಮರಿ ಬಲಿಯುವವರೆಗೆ ಹೊರಗೆ ಬರುವುದಿಲ್ಲ. ಗಂಡು ಆ ಸೀಳಿನಲ್ಲಿ ಅತ್ತಿಹಣ್ಣು, ಹಲ್ಲಿ, ಹುಳ ತಂದು ತುರುಕಬೇಕು. ಅವನು ಬರದಿದ್ದರೆ ಒಳಗಿದ್ದವರ ಕಥೆ ಮುಗಿಯಿತು.

"ನಿಮ್ಮ ಚೀನೀ ಹೆಂಗಸರಿಗೆ ಬಾಣಂತನ ಒಂದು ತಿಂಗಳು, ನಮ್ಮ ಮಲಯ್ ಹೆಂಗಸರಿಗೆ ನಲವತ್ನಾಲ್ಕು ದಿನ, ಇವಳಿಗೆ ಮೂರು ತಿಂಗಳು," ಎನ್ನುತ್ತಿದ್ದರು ಕಾಕ್. ಕಿವಿಗೊಟ್ಟು ಕೇಳಿ, ಒಳಗೆ ಎರಡು ಮರಿ ಇವೆ ಎಂದು ಅವರೇ ಹೇಳಿದ್ದು. ಒಂದರ ದನಿ ಚೂಪು, ಇನ್ನೊಂದರದ್ದು ನೆಗಡಿ ಹಿಡಿದಂತೆ ಒಡಕು. ನನಗೆ ಎರಡೂ ಒಂದೇ ಕೇಳಿಸುತ್ತಿತ್ತು.

ಮರದಿಂದ ಮೂವತ್ತು ಹೆಜ್ಜೆ ದೂರಕ್ಕೆ ಆಕೆಯೇ ಹಗ್ಗ ಕಟ್ಟಿದ್ದರು. ಹಗ್ಗ ದಾಟಬಾರದು. ಫ್ಲ್ಯಾಶ್ ಹಾಕಬಾರದು. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬಾರದು. ಬಿಳಿ, ಹಳದಿ ಬಟ್ಟೆ ಬೇಡ. ಹೆರಿಗೆ ಕೋಣೆಯ ಹೊರಗೆ ಗಂಡಂದಿರನ್ನು ಗದರಿಸಿ ನಿಲ್ಲಿಸಿದ ಗಂಟಲು ಅದು. ಹಗ್ಗದ ಈಚೆಗಿದ್ದ ನಾವು ನಾಲ್ಕೈದು ಜನ ಕೆಮ್ಮಲೂ ಅಂಜುತ್ತಿದ್ದೆವು. ಯಾರಾದರೂ ತಪ್ಪಿದರೆ ಆಕೆ ಟ್ರೈಪಾಡನ್ನು ಮಡಚಿ ಅವರ ಕೈಗೇ ಕೊಡುತ್ತಿದ್ದರು.

ಶನಿವಾರ ಬೆಳಗಿನ ಮಬ್ಬಿನಲ್ಲಿ ಹೊಸ ಕ್ಯಾಮೆರಾ ನಿಂತಿತು. ಗಂಡು ದಿನವೂ ಮೊದಲು ಬಂದು ಕೂರುತ್ತಿದ್ದದ್ದು ಮಾಕ್ ಲೊಂಗ್ ಅವರ ಅಡುಗೆಮನೆಯ ಮೇಲಿನ ಒಣಕೊಂಬೆಯಲ್ಲಿ. ಅಲ್ಲಿಂದ ಒಂದೇ ಹಾರಾಟಕ್ಕೆ ಗೂಡು. ಅವತ್ತೂ ಬಂದ, ಕೂತ, ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದು ನಮ್ಮತ್ತ ಕತ್ತು ಕೊಂಕಿಸಿ ನೋಡಿದ. ಹಾರಿ ವಾಪಸು ಹೋದ. ಮತ್ತೆ ಬಂದ, ಮತ್ತೆ ಹೋದ. ಒಳಗೆ ಮರಿಗಳು ಕಿರುಚುತ್ತಿದ್ದವು.

ಭಾನುವಾರವೂ ಅದೇ ಆಯಿತು. ಕಾಕ್ ಮುಖ ಕಪ್ಪಿಟ್ಟಿತು. ಯಾರ ತಪ್ಪು ಎಂದು ಸುತ್ತ ಕಣ್ಣಾಡಿಸಿದರು. ಕಂಡದ್ದು ಮುನಿಯಾಂಡಿ ಅಂಕಲ್.

ಅಂಕಲ್ ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತಿಯಾದ ಮನುಷ್ಯ. ಅಂಗಿ ಜೇಬಿನಲ್ಲಿ ಹಿಡಿಸುವ ಸಣ್ಣ ಕ್ಯಾಮೆರಾ ಒಂದೇ ಅವರ ಆಸ್ತಿ. ಅಷ್ಟು ದೂರದ ಗೂಡು ಅದರಲ್ಲಿ ಚುಕ್ಕೆಯಷ್ಟೂ ಕಾಣದು. ಅದಕ್ಕೇ ಅವರು ಗೂಡು ಬಿಟ್ಟು ನಮ್ಮ ಫೋಟೋ ತೆಗೆಯುತ್ತ, ಅಡುಗೆಮನೆ ಬಾಗಿಲಲ್ಲಿ ಮಾಕ್ ಲೊಂಗ್ ಕೊಟ್ಟ ಚಹಾ ಕುಡಿಯುತ್ತ ನಿಂತಿದ್ದರು. ಒಣಕೊಂಬೆಯ ನೇರ ಕೆಳಗೆ. ಮೈಮೇಲೆ ತೆಳು ಹಳದಿ ಅಂಗಿ ಬೇರೆ.

"ಅಂಕಲ್, ನಿಮ್ಗೆ ಹಗ್ಗ ಕಾಣ್ಸಲ್ವಾ?" ಕಾಕ್ ಎಲ್ಲರ ಎದುರು ಕೇಳಿದರು.

"ಕಾಣ್ಸುತ್ತೆ ತಾಯಿ. ನಾನು ಈ ಕಡೆ..."

"ಆ ಹಕ್ಕಿ ಎರಡು ದಿನದಿಂದ ನಿಮ್ಮ ತಲೆ ಮೇಲೆ ಬಂದು ಕೂತು ಹೆದ್ರಿ ಹೋಗ್ತಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಒಳಗೆ ಮಕ್ಕಳು ಹಸ್ಕೊಂಡಿವೆ. ನೀವು ನಾಳೆಯಿಂದ ಬರ್ಬೇಡಿ."

"ನಾನೊಂದು ಮಾತು ಹೇಳ್ಲಾ? ಅಲ್ಲೊಂದು..."

"ಬೇಡ. ಮಾತು ಬೇಡ. ಹೋಗಿ."

ಎಪ್ಪತ್ತು ದಾಟಿದ ಮನುಷ್ಯ ಲೋಟ ತೊಳೆದಿಟ್ಟು ಸೈಕಲ್ ತಳ್ಳಿಕೊಂಡು ಹೋದರು. ನಾವು ಯಾರೂ ಅವರನ್ನು ತಡೆಯಲಿಲ್ಲ. ನಿಜ ಹೇಳಬೇಕೆಂದರೆ, ಕಾರಣ ಸಿಕ್ಕಿತಲ್ಲ ಎಂದು ನನಗೆ ನೆಮ್ಮದಿಯೇ ಆಗಿತ್ತು.

ಸೋಮವಾರ ಹಳದಿ ಅಂಗಿ ಇರಲಿಲ್ಲ. ಗಂಡು ಬಂದ, ನೋಡಿದ, ಹೋದ.

"ಒಂದ್ಸಲ ಹೆದರಿದ್ದು ಮರೆಯೋಕೆ ದಿನ ಹಿಡಿಯುತ್ತೆ," ಎಂದರು ಕಾಕ್. ಆದರೆ ದನಿಯಲ್ಲಿ ಬಲವಿರಲಿಲ್ಲ.

ಮಾಕ್ ಲೊಂಗ್ ಒಂದು ಮಾತು ಆಡಿದರು. "ಮಧ್ಯಾಹ್ನ ಒಂದ್ಸಲ ಬರ್ತಾನಮ್ಮ. ನೀವೆಲ್ಲ ಹೋದ್ಮೇಲೆ. ಬಿಸಿಲು ನೆತ್ತಿಗೆ ಬಂದಾಗ." ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನಕ್ಕೆ ಹತ್ತು ಹದಿನೈದು ಸಲ ಉಣಿಸುವ ಹಕ್ಕಿ ಒಂದೇ ಸಲ ಬರುತ್ತಿದೆ ಎಂಬುದಷ್ಟೇ ನಮ್ಮ ತಲೆಗೆ ಹೋಯಿತು.

ಮಂಗಳವಾರ ಮಧ್ಯಾಹ್ನ ಮುನಿಯಾಂಡಿ ಅಂಕಲ್ ನನ್ನ ಅಂಗಡಿಗೆ ಬಂದರು. ಸಣ್ಣ ಕ್ಯಾಮೆರಾವನ್ನು ಕರವಸ್ತ್ರದಿಂದ ಬಿಡಿಸಿ ಮೇಜಿನ ಮೇಲಿಟ್ಟರು. "ಇದನ್ನ ದೊಡ್ಡದಾಗಿ ತೋರ್ಸು."

ತೆರೆಯ ಮೇಲೆ ಹಾಕಿದೆ. ಶನಿವಾರ ಬೆಳಗಿನ ಫೋಟೋ. ಹಗ್ಗದ ಹಿಂದೆ ನಾವು ಸಾಲಾಗಿ ನಿಂತಿದ್ದೇವೆ. ನಡುವೆ ಕಾಕ್, ಕಣ್ಣು ಕ್ಯಾಮೆರಾಕ್ಕೆ ಅಂಟಿದೆ. ಉದ್ದನೆಯ ಲೆನ್ಸಿನ ಪಕ್ಕದಲ್ಲಿ, ಆಕೆಯ ಬೆರಳಿನ ಕೆಳಗೆ, ಒಂದು ಕಿತ್ತಳೆ ಚುಕ್ಕೆ.

"ಏನದು?" ಅಂಕಲ್ ಕೇಳಿದರು.

ಚುಕ್ಕೆಯನ್ನು ಇನ್ನಷ್ಟು ದೊಡ್ಡದು ಮಾಡಿದೆ. "ಫೋಕಸ್ ದೀಪ ಅಂಕಲ್."

"ಹೂಂ. ಇಪ್ಪತ್ತೆಂಟು ವರ್ಷ ದೀಪ ನೋಡ್ಕೊಂಡೇ ಅನ್ನ ತಿಂದವನು ನಾನು. ಅವ್ರು ಬೆರಳು ಒತ್ತಿದಾಗ ಹತ್ತುತ್ತೆ, ಬಿಟ್ಟಾಗ ಆರುತ್ತೆ. ನೀವು ಹಿಂದೆ ನಿಂತವ್ರು, ನಿಮ್ಗೆ ಕಾಣಲ್ಲ. ಗೂಡಿನ ಕಡೆಗೆ ಲೆನ್ಸ್ ಅಡ್ಡ ಬರುತ್ತೆ. ಅಡುಗೆಮನೆ ಕಡೆಯಿಂದ ನೋಡಿದ್ರೆ ಮಾತ್ರ ಕಣ್ಣಿಗೇ ಹೊಡೆಯುತ್ತೆ. ಅವನು ಕೂರೋ ಕೊಂಬೆ ಅಲ್ಲೇ ತಾನೆ?"

"ಅವತ್ತೇ ಹೇಳ್ಬಾರದಿತ್ತಾ?"

"ಬಾಯಿ ತೆಗೆಯೋಕೆ ಬಿಟ್ರಾ ನೀವು?" ಅವರ ದನಿ ಏರಲಿಲ್ಲ. "ನಾನು ಹೇಳಿದ್ರೆ ಸೇಡು ಅನ್ಕೋತಾರೆ. ಮಾರಿದವನು ನೀನು, ನೀನು ಹೇಳು. ಇವತ್ತೇ ಹೇಳಪ್ಪ. ರೈಲಾದ್ರೆ ಸಿಗ್ನಲ್ ಹತ್ರ ನಿಂತ್ಕೊಂಡು ಕಾಯುತ್ತೆ. ಹಸಿವು ಕಾಯಲ್ಲ."

ಅಂಕಲ್ ಹೋದ ಮೇಲೆ ನಾನು ಮೂರು ಕೆಲಸಗಳನ್ನು ಬೆರಳು ಮಡಚಿ ಎಣಿಸಿದೆ. ಬೀಪ್. ಪಟ್ಟಿ. ಮೂರನೆಯ ಬೆರಳು ಮಡಚಲಾಗಲಿಲ್ಲ.

ಸಂಜೆ ತೋಟಕ್ಕೆ ಹೋದೆ. ಹೇಳಲೆಂದೇ ಹೋದೆ. ಕಾಕ್ ಬೆಳಗಿನಿಂದ ಊಟ ಮಾಡಿರಲಿಲ್ಲ; ಬಾಳೆಲೆಯಲ್ಲಿ ಕಟ್ಟಿದ ಅನ್ನ ಬಿಚ್ಚದೆ ಬಿದ್ದಿತ್ತು.

"ಒಡಕು ದನಿ ಕೇಳ್ತಿಲ್ಲ ಬೆಂಗ್," ಎಂದರು ನನ್ನನ್ನು ಕಂಡೊಡನೆ. "ಮಧ್ಯಾಹ್ನದಿಂದ ಚೂಪು ದನಿ ಒಂದೇ. ಕೇಳು. ಕೇಳಿಸ್ತಾ?"

ನನಗೆ ಈಗ ವ್ಯತ್ಯಾಸ ತಿಳಿಯಿತು. ಒಂದೇ ದನಿ.

"ಕಾಕ್, ಕ್ಯಾಮೆರಾ ಒಂದ್ನಿಮಿಷ ಕೊಡಿ. ಧೂಳು ಒರೆಸ್ಕೊಡ್ತೀನಿ," ಎಂದೆ. ಸದ್ದಿಲ್ಲದೆ ದೀಪ ಆರಿಸಿಬಿಡುವ ಹಂಚಿಕೆ. ಯಾರಿಗೂ ಗೊತ್ತಾಗಬಾರದು, ನನ್ನ ಅಂಗಡಿಯ ಹೆಸರೂ ಉಳಿಯಬೇಕು.

"ಈಗಲಾ? ಅವನು ಯಾವ ಗಳಿಗೇಲಿ ಬರ್ತಾನೋ ಏನೋ. ಮುಟ್ಬೇಡ."

"ಎರಡೇ ನಿಮಿಷ ಕಾಕ್..."

"ಮುಟ್ಬೇಡ ಅಂದೆ ತೌಕೆ."

ಅಂಗಡಿಯವನನ್ನು ನಮ್ಮಲ್ಲಿ ಎಲ್ಲರೂ ತೌಕೆ ಎನ್ನುತ್ತಾರೆ. ಕಾಕ್ ನನ್ನನ್ನು ಬೆಂಗ್ ಎಂದು ಹೆಸರು ಹಿಡಿದೇ ಕರೆಯುತ್ತಾರೆ; ತೌಕೆ ಎನ್ನುವುದು ಕೋಪ ಬಂದಾಗ ಮಾತ್ರ. ಪಕ್ಕದಲ್ಲಿದ್ದವನೊಬ್ಬ, "ಎಲ್ಲಾ ಆ ಮುದುಕನಿಂದ," ಎಂದ. ಕಾಕ್ ಹೌದೆಂದು ತಲೆಯಾಡಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಎರಡು ಹೆಜ್ಜೆ ಹಿಂದೆ ಸರಿದೆ. ಗಂಡು ಒಣಕೊಂಬೆಗೆ ಬಂದು ಕೂತ. ಆಕೆಯ ಬೆರಳು ಒತ್ತಿತು, ಬಿಟ್ಟಿತು, ಒತ್ತಿತು. ಹಿಂದೆ ನಿಂತ ನನಗೆ ದೀಪ ಕಾಣುತ್ತಿರಲಿಲ್ಲ, ಆದರೂ ಪ್ರತಿಸಲವೂ ಕಂಡಂತಾಯಿತು. ಹಕ್ಕಿ ಹಾರಿಹೋಯಿತು. ನಾನು ಸ್ಕೂಟರ್ ಹತ್ತಿ ಮನೆಗೆ ಬಂದೆ.

ಬುಧವಾರ ಬೆಳಗ್ಗೆ ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿ, "ಯಾಕೆ ಒಂದೇ ಲೆನ್ಸನ್ನ ಮೂರನೇ ಸಲ ಒರೆಸ್ತಿದ್ದೀರಿ?" ಎಂದಳು. ಹೇಡಿತನಕ್ಕೆ ಎಷ್ಟು ನೆಪ ಬೇಕಾದರೂ ಸಿಗುತ್ತದೆ. ಮಧ್ಯಾಹ್ನ ಎರಡಕ್ಕೆ ಮಾಕ್ ಲೊಂಗ್ ಫೋನ್ ಮಾಡಿದರು.

"ಇವತ್ತು ಮಧ್ಯಾಹ್ನಾನೂ ಬರ್ಲಿಲ್ಲಪ್ಪ ಅವನು. ರೊಹಾಯಾ ಮನೆಗೇ ಹೋಗಿಲ್ಲ, ಬೆಳಗಿನಿಂದ ಅಲ್ಲೇ ನಿಂತಿದ್ದಾಳೆ. ಮರದ ಕೆಳಗೆ ಮಬ್ಬು, ಮೋಡ ಬೇರೆ. ನೀನಾದ್ರೂ ಬಂದು ಕರ್ಕೊಂಡು ಹೋಗು."

ಬಾಗಿಲು ಹಾಕಿ ಓಡಿದೆ.

ಹಗ್ಗದ ಹಿಂದೆ ಆಕೆ ಒಬ್ಬರೇ ಇದ್ದರು. ಗೂಡಿನಿಂದ ಸದ್ದೇ ಇಲ್ಲ. "ಕಾಕ್, ಅಡುಗೆಮನೆ ಹತ್ರ ಹೋಗಿ ನಿಂತ್ಕೊಳ್ಳಿ," ಎಂದೆ.

"ಯಾಕೆ?"

"ಹೋಗಿ ಕಾಕ್. ಅಂಕಲ್ ನಿಂತಿದ್ದ ಜಾಗಕ್ಕೆ."

ನನ್ನ ಮುಖ ನೋಡಿ ಅತ್ತ ಹೋದರು. ನಾನು ಕ್ಯಾಮೆರಾದ ಹಿಂದೆ ನಿಂತು ಗುಂಡಿಯನ್ನು ಅರ್ಧ ಒತ್ತಿದೆ.

ಆಕೆ ಕಣ್ಣು ಕಿರಿದು ಮಾಡಿ ಲೆನ್ಸಿನ ಪಕ್ಕದ ಚುಕ್ಕೆಯನ್ನು ನೋಡಿದರು. ಅಲ್ಲಿಂದಲೇ, "ಇನ್ನೊಂದ್ಸಲ ಒತ್ತು," ಎಂದರು. ಒತ್ತಿದೆ. "ಇನ್ನೊಂದ್ಸಲ." ಒತ್ತಿದೆ.

ನಿಧಾನವಾಗಿ ಹಿಂದಿರುಗಿ ಬಂದರು. ಕ್ಯಾಮೆರಾದ ಬ್ಯಾಟರಿ ತೆಗೆದು ನನ್ನ ಕೈಗಿಟ್ಟರು. ಟ್ರೈಪಾಡ್ ಮಡಚಿದರು. ಆಮೇಲೆ ಹಗ್ಗದ ಗಂಟು ಬಿಚ್ಚತೊಡಗಿದರು. ಸಾವಿರಾರು ಹೊಕ್ಕುಳಬಳ್ಳಿ ಕಟ್ಟಿದ ಬೆರಳುಗಳಿಗೆ ಒಂದು ಗಂಟು ಬಿಡಿಸಲಾಗಲಿಲ್ಲ. ನಾನು ಸಹಾಯಕ್ಕೆ ಹೋದೆ.

"ತಪ್ಪು ನನ್ದು ಕಾಕ್. ಮಾರೋಕೆ ಮುಂಚೆ ದೀಪ ಆರಿಸ್ಬೇಕಿತ್ತು. ಮರೆತೆ."

"ಕಣ್ಣು ನನ್ದು. ಬೆರಳು ನನ್ದು," ಎಂದರು. "ನಿಂಗೆ ಹೆಂಗೆ ಗೊತ್ತಾಯ್ತು?"

"ಅಂಕಲ್ ಒಂದು ಫೋಟೋ ತಂದು ತೋರ್ಸಿದ್ರು."

"ಯಾವಾಗ?"

"ಇವತ್ತು," ಎಂದೆ.

ಆ ಸುಳ್ಳು ಅಷ್ಟು ಸುಲಭವಾಗಿ ಬಾಯಿಗೆ ಬಂತು.

ಅಲ್ಲಿಂದ ನೇರ ಅಂಕಲ್ ಮನೆಗೆ ಹೋದೆವು. ಅವರು ಜಗುಲಿಯಲ್ಲಿ ಸೈಕಲ್ ಸರಪಳಿಗೆ ಎಣ್ಣೆ ಬಿಡುತ್ತಿದ್ದರು. ಕಾಕ್ ಮೆಟ್ಟಿಲ ಕೆಳಗೇ ನಿಂತರು.

"ಅಂಕಲ್, ನಾಲ್ಕು ಜನರ ಎದುರು ನಿಮ್ಮನ್ನ ಓಡಿಸ್ದೆ. ಆ ನಾಲ್ಕೂ ಜನರ ಎದುರು ಕ್ಷಮೆ ಕೇಳ್ತೀನಿ. ಈಗ ಒಬ್ಳೇ ಬಂದಿದ್ದೀನಿ, ಇವನೊಬ್ಬ ಸಾಕ್ಷಿ."

ಅಂಕಲ್ ನನ್ನ ಕಡೆ ನೋಡಿದರು. ನಿನ್ನೆ ಹೇಳಲಿಲ್ಲವಾ ಎಂದು ಆ ಕಣ್ಣು ಕೇಳಿತು. ನಾನು ನೆಲ ನೋಡಿದೆ. ಅವರು ನನ್ನ ಗುಟ್ಟು ಬಿಟ್ಟುಕೊಡಲಿಲ್ಲ.

"ಬಂದು ಕೂತ್ಕೊಳಮ್ಮ. ಟೀ ಕುಡಿ. ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಏನ್ಮಾಡೋದು, ಬಿದ್ದಿದ್ದನ್ನ ಎತ್ಕೋಬೇಕು," ಎಂದರು. ಕಾಕ್ ನಗಲಿಲ್ಲ, ಆದರೆ ಆ ದಿನದ ಮೊದಲ ತುತ್ತು ತಿಂದದ್ದು ಆ ಜಗುಲಿಯಲ್ಲೇ.

ಮುಂದಿನ ಹತ್ತು ದಿನ ಆ ತೋಟಕ್ಕೆ ನಮ್ಮಲ್ಲಿ ಯಾರೂ ಕಾಲಿಡಬಾರದೆಂದು ಕಾಕ್ ಕಟ್ಟಪ್ಪಣೆ ಮಾಡಿದರು. ತಾವೂ ಹೋಗಲಿಲ್ಲ. ಮಾಕ್ ಲೊಂಗ್‌ಗೆ ದಿನಕ್ಕೆ ಆರು ಸಲ ಫೋನು. ಗುರುವಾರ ಮಧ್ಯಾಹ್ನ ಬಂದ ಎಂದರು. ಶುಕ್ರವಾರ ನಾಲ್ಕು ಸಲ ಬಂದ. ಭಾನುವಾರದ ಹೊತ್ತಿಗೆ ಲೆಕ್ಕ ತಪ್ಪಿತು ಎಂದರು. "ಎಷ್ಟು ದನಿ ಕೇಳುತ್ತೆ ಮಾಕ್ ಲೊಂಗ್?" ಎಂದು ಕಾಕ್ ಕೇಳುತ್ತಿದ್ದರಂತೆ ಪ್ರತಿಸಲವೂ. "ನನ್ನ ಕಿವಿ ಮಂದ ಕಣೇ ಮಗಳೇ," ಎನ್ನುತ್ತಿದ್ದರಂತೆ ಅವರು.

ನಾಲ್ಕನೇ ವಾರ ಒಂದು ಬೆಳಗ್ಗೆ ಸೀಳು ದೊಡ್ಡದಾಗಿದೆ ಎಂದು ಸುದ್ದಿ ಬಂತು. ಎಲ್ಲರೂ ಹೋದೆವು. ಮುನಿಯಾಂಡಿ ಅಂಕಲ್ ಕಂದು ಅಂಗಿ ತೊಟ್ಟು ಬಂದಿದ್ದರು. ಎಲ್ಲರೂ ಸೇರುವವರೆಗೆ ಕಾದು, ಅಡುಗೆಮನೆ ಬಾಗಿಲಲ್ಲಿ, ಆಡಿದ ಮಾತಿನಂತೆ ಕಾಕ್, ಅಂಕಲ್ ಕೈ ಹಿಡಿದು ಕ್ಷಮೆ ಕೇಳಿದರು. ಆಕೆಯ ಹೆಗಲಲ್ಲಿ ಚೀಲವಿರಲಿಲ್ಲ. ಆ ಎರಡೂ ಮುಕ್ಕಾಲು ಕಿಲೋ ಲೆನ್ಸ್ ಮನೆಯ ಬೀರುವಿನಲ್ಲಿತ್ತು.

ಎಂಟರ ಸುಮಾರಿಗೆ ಮಣ್ಣಿನ ಗೋಡೆ ಒಡೆದು ತಾಯಿ ಹೊರಬಂದಳು. ರೆಕ್ಕೆ ಮುದುಡಿ ಹೋಗಿ ಹಾರಲು ತಡವರಿಸಿದಳು. ಅವಳ ಹಿಂದೆಯೇ ಮರಿ ತಲೆ ಹಾಕಿತು. ಗಂಡು ಎದುರಿನ ಕೊಂಬೆಯಲ್ಲಿ ಹಣ್ಣು ಹಿಡಿದು ಕರೆದ. ಮರಿ ಅಂಚಿಗೆ ಬಂತು, ಹೆದರಿತು, ಕಿರುಚಿತು. ಚೂಪು ದನಿ. ಆಮೇಲೆ ಹಾರಿತು. ಸುತ್ತ ಕ್ಯಾಮೆರಾಗಳು ಮಳೆಯಂತೆ ಸದ್ದು ಮಾಡಿದವು. ಅಂಕಲ್ ಸಹ ತಮ್ಮ ಸಣ್ಣದನ್ನು ಎತ್ತಿ ಒಂದು ಫೋಟೋ ತೆಗೆದರು, ಒಂದೇ.

ಜನ ಕೈಕುಲುಕಿ ಹೊರಟುಹೋದರು. ಕಾಕ್ ಮಾತ್ರ ಗೂಡಿನತ್ತ ನೋಡುತ್ತ ಕುಳಿತರು. ನಾನೂ ಕೂತೆ. ಒಂಬತ್ತಾಯಿತು, ಹತ್ತಾಯಿತು, ಹನ್ನೆರಡಾಯಿತು. ಪೊಟರೆಯ ಬಾಯಿ ಖಾಲಿ. ಗಂಡು ಇತ್ತ ಮತ್ತೆ ಬರಲಿಲ್ಲ. ಒಳಗೆ ಇನ್ನೂ ಯಾರಾದರೂ ಇದ್ದಿದ್ದರೆ ಬರುತ್ತಿದ್ದ. ಅದು ನನಗೂ ಗೊತ್ತಿತ್ತು.

"ಎರಡಿದ್ವು ಬೆಂಗ್," ಎಂದರು ಕಾಕ್. "ಆಸ್ಪತ್ರೇಲಿ ಮೂವತ್ತೊಂದು ವರ್ಷ. ಯಾವ ಮಗು ಯಾಕೆ ಉಳೀಲಿಲ್ಲ ಅಂತ ಒಂದೊಂದಕ್ಕೂ ಬರೆದಿಡ್ತಿದ್ದೆ. ಗೊತ್ತಿಲ್ಲ ಅಂತ ಯಾವತ್ತೂ ಬರೆದಿಲ್ಲ. ಇದಕ್ಕೂ ನಂಗೆ ಗೊತ್ತಾಗ್ಬೇಕು." ನನ್ನತ್ತ ತಿರುಗಿದರು. "ಆ ಮಂಗಳವಾರ ಸಂಜೆ ಧೂಳು ಒರೆಸ್ತೀನಿ ಅಂತ ಬಂದೆಯಲ್ಲ. ಹೊಸದಾಗಿ ಒರೆಸಿದ ಕ್ಯಾಮೆರಾಗೆ ಧೂಳು ಎಲ್ಲಿತ್ತು?"

ನಾಲ್ಕು ವಾರದಿಂದ ಆಕೆ ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು.

"ಮಂಗಳವಾರ ಮಧ್ಯಾಹ್ನಾನೇ ಗೊತ್ತಾಗಿತ್ತು ಕಾಕ್," ಎಂದೆ. "ಹೇಳೋಕೆ ಧೈರ್ಯ ಬರ್ಲಿಲ್ಲ."

ಬಯ್ಯುತ್ತಾರೆ ಎಂದುಕೊಂಡೆ. ತೌಕೆ ಎಂದಾದರೂ ಕರೆಯಲಿ ಎಂದು ಆಸೆಪಟ್ಟೆ.

"ನಾಲ್ಕು ದಿನ ನನ್ದು," ಎಂದರು. "ಒಂದು ದಿನ ನಿನ್ದು." ಮೊಣಕಾಲ ಮೇಲೆ ಕೈಯೂರಿ ಎದ್ದರು. "ಯಾವ ದಿನ ಹೋಯ್ತೋ ಯಾರಿಗ್ಗೊತ್ತು. ಹಾಗಾಗಿ ಅದು ಇಬ್ರದ್ದೂ. ನಡಿ ಬೆಂಗ್, ನಿನ್ನ ಸ್ಕೂಟರ್‌ನಲ್ಲಿ ಬಿಡು ನನ್ನ."

ಮನೆ ಮುಂದೆ ಇಳಿದವರು ಒಳಗೆ ಹೋಗಿ ಕ್ಯಾಮೆರಾ ತಂದು, ಎಡಗೈ ಮೇಲೆ ಹಾಗೆಯೇ ಮಲಗಿಸಿಕೊಂಡು, ನನ್ನೆದುರು ಹಿಡಿದರು. "ಆರಿಸು," ಎಂದರು. ನಾನು ಅಂದಿನಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಬ್ಯಾಟರಿ ಹಾಕಿ, ಗುಂಡಿಗಳನ್ನು ಒತ್ತಿ ಆ ದೀಪವನ್ನು ಹುಡುಕಿ ಆರಿಸುವವರೆಗೂ ಆಕೆ ಲೆನ್ಸಿನ ತಲೆಯನ್ನು ಮೊಣಕೈಯಲ್ಲಿ ಆನಿಸಿಕೊಂಡೇ ನಿಂತಿದ್ದರು.